ಕೋಟೆಯ ಬೆನ್ನಿಗಿರುವ ಊರುಗಳು

ಕೆರಗೋಡಿನಂಥ ಗದ್ದೆ ಬಯಲಿನ ಊರಿನಲ್ಲಿದ್ದು ನಾವು ಕಡಲನ್ನು ಹೆಚ್ಚಾಗಿ ಕಂಡದ್ದು ಸಿನಿಮಾ, ಪುಸ್ತಕಗಳಲ್ಲೇ. ಕಾಸರಗೋಡು ಜಿಲ್ಲೆಯ ಬೇಕಲದ ಭೂಶಿರವನ್ನೇ ನೋಡಿ. ಕೆಳದಿಯ ಶಿವಪ್ಪ ನಾಯಕ 17ನೇ ಶತಮಾನದಲ್ಲಿ ಕೋಟೆ ಕಟ್ಟಿಸಿದ ಈ ನೆಲ 1956ರಲ್ಲಿ ಕೇರಳಕ್ಕೆ ಸೇರಿತು. ಮಣಿರತ್ನಂ ಅವರ ‘ಬಾಂಬೆ’ (1995) ಚಿತ್ರದಲ್ಲಿ ಶೇಖರ್ ಮತ್ತು ಶೈಲಾ ಬಾನು ಹಾಡಿನ ನಡುವೆ ಸಂಧಿಸುವುದು ಇಲ್ಲೇ. ಅಲ್ಲಿ ಗಾಳಿ, ಅಲೆ, ಕಲ್ಲು ಎಲ್ಲವೂ ಇವೆ. ಪಳ್ಳಿಕ್ಕರೆಯ, ಉದುಮದ ಜನ ಮಾತ್ರ ಇಲ್ಲ.

‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಗೆ ಕೋಟೆಯ ಹಂಗಿಲ್ಲ. ಬೇಕಲದ ಉತ್ತರಕ್ಕೆ ಕಡಲು ಸೇರುವ ಹೊಳೆಯ ದಂಡೆಯ ಮನೆಯೊಳಗೇ ಅದು ನಮ್ಮನ್ನು ಕರೆದೊಯ್ಯುತ್ತದೆ. ತಂದೆ ಮಹಮ್ಮದ್ ಖಾನನ ಹಟಕ್ಕೆ ನಾದಿರಾಳ ತಲಾಖ್ ಆಗುತ್ತದೆ. ಗಂಡ ರಶೀದನನ್ನು ಮತ್ತೆ ಸೇರಬೇಕಾದರೆ ಇನ್ನೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆಯಬೇಕು. ಅವಳು ಮಸೀದಿಯ ಕೆರೆಗೆ ಬೀಳುತ್ತಾಳೆ. ಇದು ಸಮುದಾಯಕ್ಕೆ ಅವಮಾನವೆಂದು ನಮ್ಮಲ್ಲಿ ಕೆಲವರು ಸಿಟ್ಟಾದರು. ಸಮುದಾಯವನ್ನು ಹಳಿಯಲು ಸಾಕ್ಷಿ ಸಿಕ್ಕಿತೆಂದು ಹೊರಗಿನ ಕೆಲವರು ಹಿಗ್ಗಿದರು. ಇಬ್ಬರಿಗೂ ನಾದಿರಾ ಕಾಣಲಿಲ್ಲ.

2024ರ ಜನವರಿಯಲ್ಲಿ ಧ್ವಜದ ವಿವಾದ ಎದ್ದಾಗ ನಾಡು ನಮ್ಮ ಕೆರಗೋಡನ್ನೂ ಹೀಗೆಯೇ ನೋಡಿತು. 108 ಅಡಿಯ ಕಂಬ ಎಲ್ಲರಿಗೂ ಕಂಡಿತು, ಅದರ ಸುತ್ತಲಿನ ಮನೆಗಳು ಕಾಣಲಿಲ್ಲ. 2023ರಲ್ಲಿ ತೀರಿಕೊಂಡ ಸಾರಾ ಅವರನ್ನು ಆಗ ಮತ್ತೆ ಓದಿದೆವು. ಊರೊಂದರ ಕತೆ ಹೇಳುವವರು ಅದರ ಎತ್ತರದಿಂದಲ್ಲ, ಅಡುಗೆಮನೆಯಿಂದ ಶುರುಮಾಡಬೇಕು. ಅಲ್ಲಿ ಕಂಡ ನೋವು ನಮ್ಮವರದೇ ತಪ್ಪನ್ನು ತೋರಿಸಿದರೂ ಅದನ್ನು ಬರೆಯಬೇಕು.