ಬಾಲ್ಯದ ಇತಿಹಾಸ: ಎರಡು ಗ್ರಂಥಗಳ ವಿಮರ್ಶೆ

ಬಾಲ್ಯಕ್ಕೂ ಇತಿಹಾಸವುಂಟೆಂಬುದನ್ನು ವಿದ್ವಾಂಸರಿಗೆ ಮನಗಾಣಿಸಿದ ಗ್ರಂಥಗಳಲ್ಲಿ ಫ್ರಾನ್ಸಿನ ಫಿಲಿಪ್ ಆರಿಯೆಸ್ ಅವರು 1960ರಲ್ಲಿ ಪ್ರಕಟಿಸಿದ ಕೃತಿ ಅಗ್ರಗಣ್ಯವಾದುದು. ಮಧ್ಯಯುಗದ ಸಮಾಜದಲ್ಲಿ ಬಾಲ್ಯದ 'ಸೆಂತಿಮಾಂ' ಇರಲಿಲ್ಲವೆಂಬುದು ಅವರ ಪ್ರತಿಪಾದನೆ. ನಮ್ಮ 'ಭಾವನೆ'ಗೆ ಇರುವಂತೆ ಆ ಫ್ರೆಂಚ್ ಶಬ್ದಕ್ಕೂ ಕಲ್ಪನೆ, ಅನುರಾಗ ಎಂಬ ಎರಡು ಅರ್ಥಗಳುಂಟು. 1962ರ ಇಂಗ್ಲಿಷ್ ಅನುವಾದವು 'ಐಡಿಯಾ' ಎಂದು ಮೊದಲಿನದನ್ನೇ ಆರಿಸಿಕೊಂಡಿತು. ಮಕ್ಕಳು ಅನಾದರಕ್ಕೆ ಗುರಿಯಾಗಿದ್ದರೆಂಬುದು ತಮ್ಮ ಅಭಿಪ್ರಾಯವಲ್ಲವೆಂದು ಗ್ರಂಥಕರ್ತರೇ ಹೇಳಿದ್ದರೂ, ಅಂದಿನ ತಾಯ್ತಂದೆಗಳಿಗೆ ವಾತ್ಸಲ್ಯವೇ ಇರಲಿಲ್ಲವೆಂಬ ತಾತ್ಪರ್ಯವನ್ನು ಅನೇಕರು ಗ್ರಹಿಸಿದರು.

ಆಧಾರಗಳ ಪರೀಕ್ಷೆಯೂ ಅವಶ್ಯಕ. ಚಿತ್ರಗಳಲ್ಲಿ ಮಗು ಕಿರಿಯ ಆಕಾರದ ವಯಸ್ಕನಂತೆ ತೋರುವುದು ಚಿತ್ರಸಂಪ್ರದಾಯಕ್ಕೆ ಸಾಕ್ಷಿಯೇ ಹೊರತು ಮನೆಯ ಬಾಳಿಗಲ್ಲ. 13ನೆಯ ಲೂಯಿಯ ಬಾಲ್ಯವನ್ನು ಕುರಿತು ಅವನ ವೈದ್ಯನು ಬರೆದ ದಿನಚರಿಯಿಂದ ರೈತನ ಮಗುವಿನ ಸ್ಥಿತಿಯನ್ನು ಊಹಿಸಲಾಗದು. ಲಿಂಡಾ ಪೊಲಾಕ್ ಅವರು 1983ರ 'ಫರ್ಗಾಟನ್ ಚಿಲ್ಡ್ರನ್' ಗ್ರಂಥದಲ್ಲಿ ಬ್ರಿಟನ್, ಅಮೆರಿಕಗಳ ದಿನಚರಿ, ಆತ್ಮಕಥೆಗಳನ್ನು ಶೋಧಿಸಿ, ಮಕ್ಕಳ ರೋಗಮರಣಗಳಿಗಾಗಿ ಮರುಗಿದ ತಾಯ್ತಂದೆಗಳನ್ನು ತೋರಿಸಿದರು. ಆದರೆ ಅವರ ಸಾಕ್ಷ್ಯ 1500ರಿಂದೀಚಿನದು, ಅದೂ ಬರೆಯಬಲ್ಲವರದು. ಆದುದರಿಂದ ಮಧ್ಯಯುಗದ ವಿಷಯದಲ್ಲಿ ಅದು ನೇರವಾದ ಉತ್ತರವೆನಿಸದು.

ಬಾಲ್ಯವನ್ನು ಪ್ರತ್ಯೇಕ ಅವಸ್ಥೆಯೆಂದು ಸಮಾಜವು ಎಣಿಸಿತ್ತೆ? ಹೆತ್ತವರು ಮಕ್ಕಳನ್ನು ಪ್ರೀತಿಸುತ್ತಿದ್ದರೆ? ಇವು ಬೇರೆ ಬೇರೆ ಪ್ರಶ್ನೆಗಳು. ಇವನ್ನು ಬೆರೆಸಿದರೆ ಇತಿಹಾಸಕ್ಕಷ್ಟೇ ಅಲ್ಲ, ಶಿಶುಕಲ್ಯಾಣಕ್ಕೂ ಹಾನಿ: ಆಟಿಕೆ, ಪಾಠಪುಸ್ತಕಗಳಿಲ್ಲದ ಬಡವರ ಮನೆಯಲ್ಲಿ ಮಮತೆಯೂ ಇಲ್ಲವೆಂದು ತೀರ್ಮಾನಿಸುವ ಅಪಾಯವುಂಟು. ಈ ಎಚ್ಚರದಿಂದ ಓದುವವರಿಗೆ ಎರಡು ಗ್ರಂಥಗಳೂ ಉಪಯುಕ್ತವಾಗಿವೆ.