ಇ. ಇ. ಕಮ್ಮಿಂಗ್ಸ್: ಒಡೆದ ಪದ, ಕೂಡಿದ ಭಾವ

ಆಧುನಿಕ ಅಮೆರಿಕನ್ ಕವಿಗಳಲ್ಲಿ ಇ. ಇ. ಕಮ್ಮಿಂಗ್ಸನ ಹೆಸರೆತ್ತಿದೊಡನೆ ಪುಟದ ಮೇಲೆ ಚೆದುರಿದ ಅಕ್ಷರಗಳೂ ಸ್ಥಾನಪಲ್ಲಟಗೊಂಡ ವಿರಾಮಚಿಹ್ನೆಗಳೂ ನೆನಪಿಗೆ ಬರುತ್ತವೆ. ಇದು ಬರಿಯ ಚಮತ್ಕಾರವೋ, ಅನುಭವವು ತಾನಾಗಿ ಬೇಡಿದ ರೂಪವೋ ಎಂಬುದೇ ಈತನ ಕಾವ್ಯವನ್ನು ಕುರಿತ ಮುಖ್ಯ ಪ್ರಶ್ನೆ.

ಕಮ್ಮಿಂಗ್ಸ್ 1894ರಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ಕೇಂಬ್ರಿಜ್ ನಗರದಲ್ಲಿ ಜನಿಸಿದನು. ತಂದೆಯವರು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದು, ಬಳಿಕ ಯೂನಿಟೇರಿಯನ್ ಪಂಥದ ಧರ್ಮಬೋಧಕರಾದವರು. ಮಗನೂ ಅಲ್ಲಿಯೇ ವ್ಯಾಸಂಗಮಾಡಿ 1916ರಲ್ಲಿ ಎಂ.ಎ. ಪದವಿ ಪಡೆದನು. 1917ರಲ್ಲಿ ಯುದ್ಧದ ಗಾಯಾಳುಗಳ ಸೇವೆಗೆಂದು ಫ್ರಾನ್ಸಿಗೆ ಹೋದಾಗ, ಗೆಳೆಯನ ಪತ್ರಗಳಿಂದ ಸಂಶಯಗೊಂಡ ಅಧಿಕಾರಿಗಳು ಇವನನ್ನೂ ಸುಮಾರು ಮೂರು ತಿಂಗಳು ಸೆರೆಯಲ್ಲಿಟ್ಟರು. 1922ರ ‘ದಿ ಎನಾರ್ಮಸ್ ರೂಮ್’ ಆ ಬಂಧನದ ಕಥನ. ಸಮೂಹಶಕ್ತಿಯಲ್ಲಿ ಅವಿಶ್ವಾಸ, ವ್ಯಕ್ತಿಯ ಅನನ್ಯತೆಯಲ್ಲಿ ಶ್ರದ್ಧೆ—ಇವು ಅವನ ಕಾವ್ಯದ ಸ್ಥಾಯೀ ಆಶಯಗಳಾದವು.

ಇಂಗ್ಲಿಷಿನಲ್ಲಿ ‘ನಾನು’ ಎಂಬ ಸರ್ವನಾಮಕ್ಕೆ ದೊಡ್ಡಕ್ಷರವೇ ನಿಯಮ. ಕಮ್ಮಿಂಗ್ಸ್ ಅದನ್ನು ಚಿಕ್ಕಕ್ಷರದಲ್ಲಿ ಬರೆದನು. ಇದನ್ನು ಶರಣರ ಕಿಂಕರಭಾವದೊಡನೆ ಸಮೀಕರಿಸುವುದು ಆತುರವಾದೀತು. ಶರಣರ ಕಿರಿತನ ಶಿವನಿಗೂ ಜಂಗಮಕ್ಕೂ ಸಮರ್ಪಿತ. ಈತನದು ಸಮೂಹದಲ್ಲಿ ಕರಗಲೊಲ್ಲದ ವ್ಯಕ್ತಿಯ ಸ್ವಾತಂತ್ರ್ಯದ ಗುರುತು.

ಆತ ಚಿತ್ರಕಾರನೂ ಆಗಿದ್ದುದರಿಂದ ಪುಟವನ್ನು ಚಿತ್ರಫಲಕದಂತೆ ಬಳಸಿಕೊಂಡನು. 1958ರ ‘95 ಪೊಯಮ್ಸ್’ ಸಂಕಲನದ ಮೊದಲ ಕವಿತೆಯಲ್ಲಿ ಏಕಾಕಿತನದ ವಾಚಕಪದವನ್ನು ಸೀಳಿ, ಎಲೆಯುದುರುವ ಸಂಗತಿಯನ್ನು ಅದರೊಳಗೆ ಆವರಣಚಿಹ್ನೆಯಲ್ಲಿಟ್ಟು, ಅಕ್ಷರಗಳನ್ನು ಮೇಲಿನಿಂದ ಕೆಳಕ್ಕೆ ಇಳಿಯಬಿಟ್ಟಿದ್ದಾನೆ. ಓದುವ ಕಣ್ಣು ಎಲೆಯೊಡನೆಯೇ ಇಳಿಯುತ್ತದೆ. ಪದ ಒಡೆಯದೆ ಈ ಭಾವ ಕೂಡಿಬರುತ್ತಿರಲಿಲ್ಲ. ವಕ್ರತೆಯು ಸಹೃದಯರಿಗೆ ಆಹ್ಲಾದಕರವಾಗಬೇಕೆಂಬ ಕುಂತಕನ ಒರೆಗಲ್ಲಿಗೆ ಈ ರಚನೆ ನಿಲ್ಲುತ್ತದೆ. ಆದರೆ ಇವನ ಎಲ್ಲ ಪ್ರಯೋಗಗಳೂ ಹೀಗೆ ನಿಲ್ಲುವುದಿಲ್ಲ. ಕೆಲವೆಡೆ ಒಗಟು ಬಿಡಿಸಿದ ಮೇಲೆ ಉಳಿಯುವುದು ತೀರ ಸಾಮಾನ್ಯ ಭಾವ. ಅಲ್ಲಿ ಔಚಿತ್ಯಭಂಗವಾಗಿದೆಯೆಂದೇ ಹೇಳಬೇಕು.

ಸಂಪ್ರದಾಯಭಂಜಕನೆನಿಸಿದ ಈತ ಜೀವನದುದ್ದಕ್ಕೂ ಸಾನೆಟ್ಟುಗಳನ್ನು ಬರೆದನೆಂಬುದು ಗಮನಾರ್ಹ. 1926ರಲ್ಲಿ ರೈಲು-ಮೋಟಾರು ಅಪಘಾತದಲ್ಲಿ ಮಡಿದ ತಂದೆಯನ್ನು ಕುರಿತ, 1940ರಲ್ಲಿ ಪ್ರಕಟವಾದ ಕವಿತೆ ನಾಲ್ಕು ಸಾಲಿನ ಪದ್ಯಗಳಲ್ಲಿ ಸಾಗುತ್ತದೆ. ಅಲ್ಲಿ ಛಂದಸ್ಸು ಹಿಡಿತದಲ್ಲಿದೆ, ಪಲ್ಲಟಗೊಂಡಿರುವುದು ವ್ಯಾಕರಣ. ಕ್ರಿಯಾಪದಗಳು ನಾಮಪದಗಳ ಸ್ಥಾನದಲ್ಲಿ ನಿಂತು, ತಂದೆಯ ಬಾಳನ್ನು ಗುಣಗಳ ಪಟ್ಟಿಯಾಗಿಸದೆ ನಿರಂತರ ಕ್ರಿಯೆಯಾಗಿ ಕಾಣಿಸುತ್ತವೆ.

1935ರಲ್ಲಿ ಹದಿನಾಲ್ಕು ಪ್ರಕಾಶಕರು ನಿರಾಕರಿಸಿದ ಸಂಕಲನವನ್ನು ತಾಯಿಯ ಹಣದಿಂದ ಅಚ್ಚುಮಾಡಿಸಿದವನು ಕಮ್ಮಿಂಗ್ಸ್. 1962ರಲ್ಲಿ ಆತ ತೀರಿಕೊಳ್ಳುವ ವೇಳೆಗೆ ಕೀರ್ತಿ ಸಾಕಷ್ಟು ಬಂದಿತ್ತು. ಅವನ ಸಾಲುಗಳ ಒಡಕನ್ನು ಅನುಕರಿಸುವುದು ಸುಲಭ. ಅದರ ಹಿಂದಿನ ಛಂದೋಭ್ಯಾಸವನ್ನು ಕೈವಶಮಾಡಿಕೊಳ್ಳುವುದು ಕಷ್ಟ. ಹೊಸ ಕವಿಗಳು ಈತನಿಂದ ಕಲಿಯಬೇಕಾದುದು ಈ ಎರಡನೆಯದನ್ನೇ.