ಯಾರ ದನಿಯ 'ಜೇಮ್ಸ್'?

'ಜೇಮ್ಸ್' ನೋಡಲು ಡೊಂಬಿವಲಿಯಿಂದ ಠಾಣೆಗೆ ಲೋಕಲ್ ಹಿಡಿದಾಗ ನಾನು ಪ್ರೇಕ್ಷಕನಾಗಿ ಹೊರಟಿದ್ದೆನೋ, ಸಾವಿನ ಮನೆಗೆ ಹೋಗುವವನಂತೆ ಹೊರಟಿದ್ದೆನೋ, ಇವತ್ತಿಗೂ ಗೊತ್ತಿಲ್ಲ. ಚಿತ್ರದ ಪ್ರಚಾರ ನೆಚ್ಚಿಕೊಂಡಿದ್ದೂ ಈ ಗೊಂದಲವನ್ನೇ.

ಪುನೀತ್ ಹೋದದ್ದು 2021ರ ಅಕ್ಟೋಬರ್ 29ರಂದು. ಗಣರಾಜ್ಯೋತ್ಸವಕ್ಕೆ ಸೈನಿಕನ ಸಮವಸ್ತ್ರದ ಪೋಸ್ಟರ್ ಬಂತು. ಬಿಡುಗಡೆ ಅವರ ಹುಟ್ಟುಹಬ್ಬಕ್ಕೆ, 2022ರ ಮಾರ್ಚ್ 17ಕ್ಕೆ. ದಿನವಿಡೀ ಪ್ರಾಜೆಕ್ಟ್ ಗಡುವುಗಳನ್ನೇ ಎಣಿಸುವ ನನಗೆ ಈ ಲೆಕ್ಕ ಅರ್ಥವಾಗದ್ದೇನಲ್ಲ. ತಪ್ಪೆನ್ನಲಾರೆ, ಎಷ್ಟೋ ಜನರ ದುಡಿಮೆ ಅದರಲ್ಲಿತ್ತು. ಆದರೆ ಟಿಕೆಟ್ಟೇ ಹೂವಿನ ಹಾರವಾದಾಗ ಕಥೆ ಹಳಸಲು ಎಂದು ಬಾಯಿಬಿಡುವವರು ಯಾರು? ಹಳಸಲೇ ಆಗಿತ್ತು: ಸೇಡು, ಬಂದೂಕು, ಕಾರು.

ಅಪ್ಪು ಡಬ್ಬಿಂಗ್ ಮಾಡಿರಲಿಲ್ಲ. ಶಿವಣ್ಣ ತಮ್ಮನಿಗೆ ದನಿ ಕೊಟ್ಟರು. ತುಟಿ ಇವರದು, ದನಿ ಅವರದು. ಮೊದಲ ಹತ್ತು ನಿಮಿಷ ಕಸಿವಿಸಿ. ಆಮೇಲೆ ಆ ಹೊಂದಿಕೆಯಾಗದ್ದೇ ನನ್ನನ್ನು ಹಿಡಿದು ಕೂರಿಸಿತು. ಇಡೀ ಚಿತ್ರದಲ್ಲಿ ಸಾವನ್ನು ಮುಚ್ಚಿಡದಿದ್ದದ್ದು ಅದೊಂದೇ. ಏಪ್ರಿಲ್ 22ಕ್ಕೆ ತಂತ್ರಜ್ಞಾನದಿಂದ ಅಪ್ಪುವಿನ ದನಿಯನ್ನೇ ಕೂರಿಸಿ ಮತ್ತೆ ತೆರೆಗೆ ತಂದರು. ಐರೋಲಿಯ ಆಫೀಸಿನಲ್ಲಿ ಮರಾಠಿ ಗೆಳೆಯರಿಗೆ ಈ ತಂತ್ರವನ್ನು ಹೆಮ್ಮೆಯಿಂದ ವಿವರಿಸಿದವನೂ ನಾನೇ. ಆದರೂ ನನ್ನ ಮತ ಅಣ್ಣನ ದನಿಗೇ. ಅದು ಎರಡನೆಯ ಸಲ ಟಿಕೆಟ್ ಕೊಳ್ಳಿ ಎನ್ನಲಿಲ್ಲ.

ಅದೇ ವರ್ಷ ಅಕ್ಟೋಬರ್ 28ಕ್ಕೆ 'ಗಂಧದ ಗುಡಿ' ಬಂತು. ಪುಣ್ಯತಿಥಿಯ ಹಿಂದಿನ ದಿನ, ಅದೂ ಲೆಕ್ಕಾಚಾರವೇ. ಆದರೆ ಅಮೋಘವರ್ಷರ ಜೊತೆ ಅಪ್ಪು ಅಪ್ಪುವಾಗಿಯೇ ಕಾಡು ಸುತ್ತುವಾಗ ನನಗೆ ತಾರೀಖು ನೆನಪಾಗಲಿಲ್ಲ.